ಓದುಗರ ಪ್ರಶ್ನೆ: ಮೂಗಿನ ನಳಿಕೆ ಮತ್ತು 309ನೇ ಕಲಂ

ಪ್ರಶ್ನೆ: ಮಣಿಪುರದ ಇರೋಮ್ ಶರ್ಮಿಳಾ ಹದಿನಾರು ವರ್ಷ ಉಪವಾಸವಿದ್ದರು ಅನ್ನುತ್ತಾರೆ. ಅನ್ನ-ನೀರಿಲ್ಲದೆ ಅಷ್ಟು ಕಾಲ ಬದುಕುವುದುಂಟೇ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. ನೀರನ್ನೂ ಬಿಟ್ಟರೆ ಜೀವ ಉಳಿಯುವುದು ಕೆಲವೇ ದಿನ. ಶರ್ಮಿಳಾ ತಾವಾಗಿ ಏನನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಸರ್ಕಾರ ಮೂಗಿಗೆ ನಳಿಕೆ ಹಾಕಿ ಉಣಿಸಿತು. 2000ದ ನವೆಂಬರ್ 2ರಂದು ಇಂಫಾಲ್ ಬಳಿಯ ಮಾಲೋಮ್‌ನಲ್ಲಿ ಅಸ್ಸಾಂ ರೈಫಲ್ಸ್ ಗುಂಡಿಗೆ ಹತ್ತು ಮಂದಿ ನಾಗರಿಕರು ಸತ್ತರು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ರದ್ದಾಗಲಿ ಎಂದು 28 ವರ್ಷದ ಶರ್ಮಿಳಾ ಉಪವಾಸ ಕೂತರು. ಆ ಕಾಯ್ದೆಯಡಿ, ಕೇಂದ್ರದ ಅನುಮತಿಯಿಲ್ಲದೆ ಯೋಧರ ಮೇಲೆ ಮೊಕದ್ದಮೆ ಹೂಡುವಂತಿಲ್ಲ.

ಮೂಗಿನಿಂದ ಗಂಟಲು, ಅನ್ನನಾಳ ದಾಟಿ ಹೊಟ್ಟೆಗಿಳಿಯುವ ತೆಳುವಾದ ನಳಿಕೆ ಅದು. ಪೋಷಕಾಂಶ ಬೆರೆಸಿದ ದ್ರವಾಹಾರ, ನೀರು, ಔಷಧ ಎಲ್ಲಾ ಅದರಲ್ಲೇ. ಇಳಿಸುವಾಗ ತುದಿ ಶ್ವಾಸನಾಳಕ್ಕೆ ಹೊಕ್ಕರೆ ಆಹಾರ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು. ಹಾಗಾಗಿಯೇ ಎಕ್ಸ್‌ರೇ ತೆಗೆದೋ, ಹೀರಿದ ದ್ರವದ ಆಮ್ಲತೆ ನೋಡಿಯೋ ಖಚಿತಪಡಿಸಿಕೊಳ್ಳುತ್ತಾರೆ. ಉಣಿಸುವಾಗ ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸುತ್ತಾರೆ. ಶರ್ಮಿಳಾರ ಹಟವಾದರೂ ಎಂಥದು! ಹನಿ ನೀರೂ ಬಾಯಿಗೆ ಹೋಗದಿರಲೆಂದು ಹಲ್ಲನ್ನು ಒಣ ಹತ್ತಿಯಿಂದ ಉಜ್ಜಿಕೊಳ್ಳುತ್ತಿದ್ದರು.

ಪ್ರಶ್ನೆ: ಶರ್ಮಿಳಾರನ್ನು ಪೊಲೀಸರು ವರ್ಷಕ್ಕೊಮ್ಮೆ ಬಿಟ್ಟು ಮತ್ತೆ ಹಿಡಿಯುತ್ತಿದ್ದುದೇಕೆ? ಈಗ ಉಪವಾಸ ಕೂತರೂ ಕೇಸು ಬೀಳುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಅವರ ಮೇಲೆ ಹಾಕಿದ್ದು ಭಾರತೀಯ ದಂಡ ಸಂಹಿತೆಯ (ಐಪಿಸಿ) 309ನೇ ಕಲಂ, ಅಂದರೆ ಆತ್ಮಹತ್ಯೆ ಯತ್ನ. ಅದಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷ. ಅದಕ್ಕಿಂತ ಹೆಚ್ಚು ಕಾಲ ಒಳಗಿಡುವಂತಿರಲಿಲ್ಲ. ಅವಧಿ ಮುಗಿದೊಡನೆ ಬಿಡುಗಡೆ, ಆಕೆ ಮತ್ತೆ ಉಪವಾಸ, ಎರಡು-ಮೂರು ದಿನದಲ್ಲಿ ಹೊಸ ಬಂಧನ. ನಡುವೆ ಎರಡು ವಾರಕ್ಕೊಮ್ಮೆ ಕೋರ್ಟಿಗೆ ಹಾಜರಿ. ಇಂಫಾಲದ ಆಸ್ಪತ್ರೆಯ ಕೋಣೆಯೇ ಜೈಲು. ಸಾಯುವ ಆಸೆ ತನಗಿಲ್ಲವೆಂದೇ ಆಕೆಯ ವಾದ. 2014ರ ಆಗಸ್ಟ್‌ನಲ್ಲಿ ಸೆಷನ್ಸ್ ಕೋರ್ಟು ಅದನ್ನು ಒಪ್ಪಿ ಬಿಟ್ಟಿತು. ಎರಡೇ ದಿನಕ್ಕೆ ಪೊಲೀಸರು ಪುನಃ ಎತ್ತಿಕೊಂಡು ಹೋದರು.

ಐಪಿಸಿಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. ಹಾಗೆಂದು ನಿಶ್ಚಿಂತೆ ಬೇಡ. ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಏನನ್ನಾದರೂ ಮಾಡುವಂತೆ ಒತ್ತಾಯಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಹೊಸ ಸಂಹಿತೆಯ 226ನೇ ಕಲಂ ಇದೆ: ಒಂದು ವರ್ಷದವರೆಗೆ ಸಾದಾ ಸಜೆ, ದಂಡ, ಇಲ್ಲವೇ ಸಮುದಾಯ ಸೇವೆ. ಆಮರಣಾಂತ ಉಪವಾಸಿಗಳ ಮೇಲೆ ಬೀಸಲು ಇದಕ್ಕಿಂತ ಅನುಕೂಲದ ಕಲಂ ಇನ್ನೊಂದಿಲ್ಲ ಎಂಬುದು ನಮ್ಮ ಅನಿಸಿಕೆ. ಮನವಿಪತ್ರದಲ್ಲಿ 'ಸಾಯುತ್ತೇನೆ' ಎಂದು ಬರೆಯದೆ, ದಿನಗಳ ಗಡುವು ಹಾಕಿ ಸರದಿ ಉಪವಾಸ ಕೂರುವುದು ಜಾಣತನ.

ಪ್ರಶ್ನೆ: ಶರ್ಮಿಳಾ ಈಗ ಬೆಂಗಳೂರಿನವರೇ?
– ಓದುಗರು, ಹಾಸನ

ಉತ್ತರ: ನಂಟಿರುವುದು ನಿಜ, 2019ರ ಮೇನಲ್ಲಿ ಅವಳಿ ಹೆಣ್ಣುಮಕ್ಕಳಿಗೆ ಜನ್ಮ ಕೊಟ್ಟದ್ದು ಬೆಂಗಳೂರಿನಲ್ಲೇ. 2016ರ ಆಗಸ್ಟ್ 9ರಂದು ಅಂಗೈಗೆ ಹಾಕಿದ ಜೇನುತುಪ್ಪ ನೆಕ್ಕಿ ಉಪವಾಸ ಬಿಟ್ಟಿದ್ದರು. ಮುಂದಿನ ವರ್ಷ ಮಣಿಪುರದ ಥೌಬಾಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಇಬೋಬಿ ಸಿಂಗ್ ವಿರುದ್ಧ ಚುನಾವಣೆಗೆ ನಿಂತಾಗ ಸಿಕ್ಕಿದ್ದು 90 ಮತ. ಅಲ್ಲಿ ನೋಟಾಕ್ಕೇ 143 ಬಿದ್ದಿತ್ತು.