ನೆರಳಿಗೆ ಕಣ್ಣು ಬರೆಯುವ ಮುನ್ನ

ಪ್ರಶ್ನೆ: ಸೌಟು, ಇಕ್ಕಳಗಳನ್ನು ಬಿಸಿಲಿಗಿಟ್ಟು ಅವುಗಳ ನೆರಳನ್ನೇ ಪ್ರಾಣಿಯಾಗಿಸಿ ಚಿತ್ರ ಬರೆಯುತ್ತೇನೆ. ಅರ್ಧ ಬರೆಯುವಷ್ಟರಲ್ಲಿ ನೆರಳು ಜರುಗಿರುತ್ತದೆ. ಮುಗಿದ ಮೇಲೂ ಇಕ್ಕಳಕ್ಕೆ ಕಣ್ಣು ಅಂಟಿಸಿದಂತೆಯೇ ಕಾಣುತ್ತದೆ. ತಪ್ಪೆಲ್ಲಿ?
– ಓದುಗರು, ಬಸವನಗುಡಿ

ಉತ್ತರ: ಸೂರ್ಯ 4 ನಿಮಿಷಕ್ಕೆ ಸುಮಾರು 1 ಡಿಗ್ರಿ ಸರಿಯುತ್ತಾನೆ. ಬೆಳಗಿನ ಎಳೆಬಿಸಿಲಲ್ಲಿ 10 ಸೆಂ.ಮೀ. ಎತ್ತರದ ವಸ್ತುವಿನ ನೆರಳು 20 ಸೆಂ.ಮೀ. ಬಿದ್ದಿದ್ದರೆ, ಅಷ್ಟು ಹೊತ್ತಿಗೆ ಅದು ಮುಕ್ಕಾಲು ಸೆಂ.ಮೀ. ಮೊಟಕಾಗಿರುತ್ತದೆ. ಹಾಗಾಗಿ ಹೊರಗೆರೆಯನ್ನು ಒಂದೇ ನಿಮಿಷದಲ್ಲಿ, ತುದಿಯಿಂದ ಬುಡದ ಕಡೆಗೆ ಎಳೆದುಬಿಡಿ. ಬೇಗ ಓಡುವುದು ತುದಿಯೇ. ಯೋಚನೆಯೆಲ್ಲ ಆಮೇಲೆ, ನೆರಳಲ್ಲಿ ಕೂತು.

ನಿಧಾನವಾಗಿಯೇ ಬರೆಯಬೇಕೆಂದರೆ ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ. ಮೇಜಿನಿಂದ 30 ಸೆಂ.ಮೀ. ಎತ್ತರದಲ್ಲಿ, ವಸ್ತುವಿನಿಂದ 40 ಸೆಂ.ಮೀ. ದೂರದಲ್ಲಿ ಅಲುಗಾಡದಂತೆ ನಿಲ್ಲಿಸಿದರೆ ಅದೇ 20 ಸೆಂ.ಮೀ. ನೆರಳು ಸಿಗುತ್ತದೆ. ಬೆಳಕು ಹತ್ತಿರವಿರುವುದರಿಂದ ನೆರಳು ತುದಿಗೆ ಹೋದಂತೆ ಅಗಲವಾಗುತ್ತದೆ, ಪ್ರಾಣಿಗೆ ದೊಡ್ಡ ತಲೆ ಬರುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಉದ್ದನೆಯ ದೀಪ ಅಂಚನ್ನು ಕದಡಿಬಿಡುತ್ತದೆ.

ಇನ್ನು ಅಂಟಿಸಿದ ಕಣ್ಣಿನ ವಿಷಯ. ನನ್ನ ದೃಷ್ಟಿಯಲ್ಲಿ ನಿಜವಾದ ತೊಂದರೆ ಇದೇ. ಕಣ್ಣು ಬರೆದರೆ ಜೀವ ಬರುವುದಿಲ್ಲ, ನಿಲುವಿನಿಂದ ಬರುತ್ತದೆ. ಹಾಳೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ: ಭಾರ ಎಲ್ಲಿ ಕೂತಿದೆ, ಯಾವ ಕಡೆ ವಾಲಿದೆ? ಇಕ್ಕಳದ ಎರಡು ಹಿಡಿಗಳು ಕೆಳಗೆ ಬಂದಾಗ ಉದ್ದ ಕಾಲುಗಳು, ಮೇಲಿನ ಬಾಯಿ ಕೊಕ್ಕು. ಕೊಕ್ಕರೆ ಆಗಲೇ ಅರ್ಧ ನಿಂತಿದೆ. ಒಂದು ಹಿಡಿಯ ನಡುವೆ ಮಂಡಿಯ ಗಂಟು ಬರೆಯಿರಿ, ಪಾದದ ಬಳಿ ನೀರಿನ ಎರಡು ಗೆರೆ ಎಳೆಯಿರಿ. ಕಣ್ಣನ್ನು ಕೊನೆಗೆ, ಕೀಲಿನ ಹತ್ತಿರ ಇಡಿ. ಬಾಯಿಯ ನಡುವೆ ಇಟ್ಟರೆ ಅದು ಮತ್ತೆ ಇಕ್ಕಳವೇ. ರೆಕ್ಕೆಯ ಗರಿಗಳನ್ನೆಲ್ಲ ಬಿಡಿಸಲು ಹೋಗಬೇಡಿ. ನೆರಳು ಹೇಳಿದ್ದನ್ನು ಪೆನ್ನು ಮತ್ತೆ ಹೇಳಬಾರದು. ನೆರಳು ತುಂಬಲು 4ಬಿ ಪೆನ್ಸಿಲ್ ಸಾಕು: ವಸ್ತು ತಾಗುವಲ್ಲಿ ಗಾಢ, ತುದಿಗೆ ತಿಳಿ. ಒಂದೇ ಸಮ ಕಪ್ಪು ಬಳಿದರೆ ಅದು ಕತ್ತರಿಸಿ ಅಂಟಿಸಿದ ಕಾಗದ.

ಪ್ರಶ್ನೆ: ಕಬ್ಬನ್ ಪಾರ್ಕಿನ ದೊಡ್ಡ ಮರಗಳ ಕೆಳಗೆ ಎಲೆಯ ಆಕಾರವೇ ಸಿಗುವುದಿಲ್ಲ, ಬರೀ ದುಂಡು ಚುಕ್ಕೆಗಳು. ಏಕೆ?
– ಓದುಗರು, ಮಲ್ಲೇಶ್ವರ

ಉತ್ತರ: ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಅದರಿಂದ ಎಲೆಗೂ ನೆರಳಿಗೂ ನಡುವಿನ ಪ್ರತಿ ಮೀಟರಿಗೆ ಅಂಚು ಸುಮಾರು 1 ಸೆಂ.ಮೀ. ಮಸುಕಾಗುತ್ತದೆ. 5 ಮೀಟರ್ ಮೇಲಿನ ಸಣ್ಣ ಎಲೆ ಆ ಮಸುಕಿನಲ್ಲೇ ಕರಗಿಹೋಗುತ್ತದೆ. ದುಂಡು ಚುಕ್ಕೆಗಳು ಎಲೆಸಂದಿಯಲ್ಲಿ ಮೂಡಿದ ಸೂರ್ಯನ ಬಿಂಬಗಳು. ಉದುರಿದ ಕಡ್ಡಿಯನ್ನು ಹಾಳೆಯಿಂದ ಒಂದು ಗೇಣಿನೊಳಗೆ ಹಿಡಿಯಿರಿ, ಅಂಚು ಚೂಪಾಗಿ ಸಿಗುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನ ನಡುಹಗಲನ್ನು ಬಿಟ್ಟುಬಿಡಿ. ಆಗ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ. ನೆಟ್ಟಗೆ ನಿಲ್ಲಿಸಿದ ಪೆನ್ಸಿಲ್ಲಿನ ನೆರಳು ಅದರ ಬುಡದಲ್ಲೇ ಅಡಗಿರುತ್ತದೆ.