ಅಷ್ಟು ದೊಡ್ಡ ಕೋರ್ಟಿಗೆ ಇಷ್ಟು ತಗ್ಗಿನ ಬಾಗಿಲೇ?

ಓದುಗರೇ, ಅಮೆರಿಕದ ಪಿಟ್ಸ್‌ಬರ್ಗ್‌ಗೆ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಅಲ್ಲೆಗೆನಿ ಕೌಂಟಿ ಕೋರ್ಟ್ ನೋಡಿದ್ದಾಗಿ ಬರೆದಿದ್ದೀರಿ. ಹಳೆಯ ಕೋರ್ಟು ಸುಟ್ಟುಹೋಗಿತ್ತಂತೆ, ನಿಜವೇ? ಈಗಿನದು ಕೋಟೆಯ ಹಾಗಿದೆ, ಬಾಗಿಲು ಮಾತ್ರ ಯಾಕೆ ಅಷ್ಟು ತಗ್ಗು? ಇವು ನಿಮ್ಮ ಪ್ರಶ್ನೆಗಳು.

ಸುಟ್ಟದ್ದು ನಿಜ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಅದರ ಮೊದಲ ಕೋರ್ಟು ಪೇಟೆಯ ಚೌಕದಲ್ಲಿತ್ತು. ಎರಡನೆಯದು 1841ರಲ್ಲಿ ಗ್ರಾಂಟ್ಸ್ ಹಿಲ್ ಎಂಬ ದಿಬ್ಬದ ಮೇಲೆ ಎದ್ದಿತು. ಗ್ರೀಕ್ ಮಾದರಿಯ ಕಂಬಗಳು, ಮೇಲೊಂದು ಗುಮ್ಮಟ. 1882ರ ಮೇ 7ರಂದು ಅದು ಬೆಂಕಿಗೆ ತುತ್ತಾಯಿತು.

ಅದೇ ದಿಬ್ಬದ ಮೇಲೆ ಹೊಸದನ್ನು ಕಟ್ಟುವ ಕೆಲಸ 1884ರಲ್ಲಿ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅವರಿಗೆ ಸಿಕ್ಕಿತು. ಒರಟು ಗ್ರಾನೈಟ್ ಕಲ್ಲು, ನಡುವೆ ದೊಡ್ಡ ಅಂಗಳ. ಅಂಗಳ ಇರುವುದರಿಂದ ಒಳಕೋಣೆಗಳಿಗೂ ಬೆಳಕು ಬರುತ್ತದೆ, ನಮ್ಮ ತೊಟ್ಟಿಮನೆಗಳಂತೆ. ನನಗೆ ಜಾಸ್ತಿ ಇಷ್ಟವಾಗುವುದು ಎದುರಿನ ಗೋಪುರ. ಅದನ್ನು ಸುಮ್ನೆ ಅಂದಕ್ಕೆಂದು ಕಟ್ಟಿದ್ದಲ್ಲ. ಆಗ ಪಿಟ್ಸ್‌ಬರ್ಗ್ ಅಂದರೆ ಕಲ್ಲಿದ್ದಲಿನ ಹೊಗೆ. ಬೀದಿಯ ಮಸಿ ಮುಟ್ಟದ ಎತ್ತರದಿಂದ ಗಾಳಿಯನ್ನು ಒಳಗೆ ಎಳೆದುಕೊಳ್ಳಲು ಆ ಗೋಪುರ, ಕೆಟ್ಟ ಗಾಳಿ ಹೊರಹೋಗಲು ಹಿಂದಿನ ಗೋಪುರಗಳು. ಎಂಥ ಯೋಚನೆ, ಅಲ್ವಾ?

ಕೋರ್ಟು ಮುಗಿದದ್ದು 1888ರಲ್ಲಿ. ರಿಚರ್ಡ್‌ಸನ್ ಅದನ್ನು ನೋಡಲಿಲ್ಲ. 1886ರಲ್ಲೇ, 47ನೇ ವಯಸ್ಸಿಗೆ ತೀರಿಕೊಂಡಿದ್ದರು. ಉಳಿದ ಕೆಲಸವನ್ನು ಅವರ ಕಚೇರಿಯ ಶಿಷ್ಯರು ಮುಗಿಸಿದರು. ಪಕ್ಕದ ಜೈಲೂ ರಿಚರ್ಡ್‌ಸನ್ ಅವರದೇ ವಿನ್ಯಾಸ. ಎರಡನ್ನೂ ಸೇರಿಸುವ ಕಲ್ಲಿನ ಮೇಲ್ಸೇತುವೆಗೆ ವೆನಿಸ್‌ನಲ್ಲಿ ಕೈದಿಗಳು ಜೈಲಿಗೆ ದಾಟುತ್ತಿದ್ದ ನಿಟ್ಟುಸಿರಿನ ಸೇತುವೆಯದೇ ಹೆಸರು. 1995ರಲ್ಲಿ ಜೈಲು ಮುಚ್ಚಿತು. ಆಮೇಲೆ ಅದರೊಳಕ್ಕೆ ಕೌಟುಂಬಿಕ ನ್ಯಾಯಾಲಯ ಬಂತು. ಕೆಡವದೆ ಹೊಸ ಕೆಲಸ ಕೊಟ್ಟರಲ್ಲ, ಅದು ನನಗೆ ತುಂಬ ಸಮಾಧಾನದ ವಿಷಯ.

ಇನ್ನು ಬಾಗಿಲು. ಅದನ್ನು ತಗ್ಗಾಗಿ ಕಟ್ಟಿರಲಿಲ್ಲ. ಎದುರಿನ ಗ್ರಾಂಟ್ ಬೀದಿ ಏರು ಬೀದಿ. ಬಂಡಿ ಎಳೆಯಲು ಕಷ್ಟ ಎಂದು 1910ರ ದಶಕದಲ್ಲಿ ಅದರ ಉಬ್ಬನ್ನು ಕಡಿದು ತಗ್ಗಿಸಿದರು. ಬೀದಿ ಇಳಿಯಿತು, ಕಟ್ಟಡ ಇದ್ದಲ್ಲೇ ಉಳಿಯಿತು. ಹೆಬ್ಬಾಗಿಲು ಎತ್ತರದಲ್ಲಿ ನಿಂತಿತು. ಅಲ್ಲಿಗೆ ಹತ್ತಲು ಮೆಟ್ಟಿಲು ಕಟ್ಟಿದರು. ಮುಂದೆ ಬೀದಿ ಅಗಲ ಮಾಡುವಾಗ ಅದನ್ನೂ ತೆಗೆದರು. ಕಡೆಗೆ ನೆಲಮಾಳಿಗೆಯ ಗೋಡೆಯಲ್ಲೇ ಬಾಗಿಲು ತೆರೆದರು. ನೀವು ಒಳಗೆ ಹೋದದ್ದು ಆ ನೆಲಮಾಳಿಗೆಯಿಂದ.

ಮತ್ತೆ ಹೋದರೆ ಒಳಹೋಗುವ ಮುಂಚೆ ತಲೆ ಎತ್ತಿ ನೋಡಿ. ರಿಚರ್ಡ್‌ಸನ್ ಮಾಡಿದ ಹೆಬ್ಬಾಗಿಲಿನ ಕಮಾನು ಮೇಲೇ ಇದೆ.