ಕರುವಿಗೆ ಕೂದಲು ಉದುರುತ್ತಿದೆ, ಮಗಳ ಕೈಗೂ ಗುಳ್ಳೆ

ಪ್ರಶ್ನೆ: ಡಾಕ್ಟ್ರೇ, ನಮ್ಮ 5 ತಿಂಗಳ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಕರುವಿಗೆ ಕಣ್ಣಿನ ಸುತ್ತ, ಕತ್ತಿನ ಮೇಲೆ ದುಂಡಗೆ ಕೂದಲು ಉದುರಿದೆ. ಬೂದಿ ಬಣ್ಣದ ಹಕ್ಕಳೆ ಕಟ್ಟಿದೆ. ಬೇವಿನೆಣ್ಣೆ ಹಚ್ಚಿದರೂ ಹೋಗಿಲ್ಲ. ಈಗ ಮಗಳ ಕೈಯಲ್ಲೂ ಉಂಗುರದ ಹಾಗೆ ಕೆಂಪಗಾಗಿದೆ. ಏನಿದು?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಮಗಳ ಕೈ ವಿಷಯ ಬರೆದಿದ್ದು ಒಳ್ಳೆಯದಾಯಿತು, ಅದೇ ದೊಡ್ಡ ಸುಳಿವು. ಇದು ಗಜಕರ್ಣ ಇರಬಹುದು. ಫಂಗಸ್‌ನಿಂದ ಬರುತ್ತದೆ, ದನದಿಂದ ಮನುಷ್ಯರಿಗೂ ಅಂಟುತ್ತದೆ. ಆದರೆ ಸುಮ್ನೆ ಕಣ್ಣಲ್ಲಿ ನೋಡಿ ತೀರ್ಮಾನ ಮಾಡಬಾರದು. ಹೇನು, ಕಜ್ಜಿ ಹುಳುವಿನಿಂದಲೂ ಕೂದಲು ಉದುರುತ್ತದೆ. ಆಗ ಕರು ಕಂಬಕ್ಕೆ, ಗೋಡೆಗೆ ಮೈ ಉಜ್ಜುತ್ತಲೇ ಇರುತ್ತದೆ, ಗಜಕರ್ಣದಲ್ಲಿ ಸಾಮಾನ್ಯವಾಗಿ ತುರಿಕೆ ಅಷ್ಟು ಜಾಸ್ತಿ ಇರುವುದಿಲ್ಲ.

ಹತ್ತಿರದ ಪಶು ಆಸ್ಪತ್ರೆಗೆ ಕರು ಹಿಡಿದುಕೊಂಡು ಹೋಗಿ. ಗಾಯದ ಅಂಚಿನಿಂದ ಹಕ್ಕಳೆ ಕೆರೆದು, ನಾಲ್ಕು ಕೂದಲು ಕಿತ್ತು, ಹಕ್ಕಳೆ ಕರಗಿ ಫಂಗಸ್ ಕಾಣುವಂತೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅಂಚಿನಿಂದಲೇ ತೆಗೆಯಬೇಕು, ಫಂಗಸ್ ಬೆಳೆಯುತ್ತಾ ಹೋಗುವುದು ಅಲ್ಲೇ ಅಲ್ವಾ. ಹೋಗುವ ಮುಂಚೆ ಎಣ್ಣೆ, ಮುಲಾಮು ಏನೂ ಹಚ್ಚಬೇಡಿ, ಹಚ್ಚಿದರೆ ಪರೀಕ್ಷೆಯಲ್ಲಿ ಸರಿಯಾಗಿ ಕಾಣದೆ ಹೋಗಬಹುದು. ಬೆಕ್ಕು, ನಾಯಿಗೆ ಬಳಸುವ ವುಡ್ಸ್ ಲ್ಯಾಂಪ್ (ನೇರಳಾತೀತ ಬೆಳಕಿನ ದೀಪ) ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ದನದ ಗಜಕರ್ಣ ಅದರ ಬೆಳಕಿಗೆ ಹೊಳೆಯುವುದಿಲ್ಲ.

ಅಲ್ಲಿಯವರೆಗೆ ಕರುವನ್ನು ಬೇರೆ ಕಟ್ಟಿ. ಅದರ ಹಗ್ಗ, ಬ್ರಷ್ ಬೇರೆ ದನಕ್ಕೆ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಗಳನ್ನು ಇವತ್ತೇ ಚರ್ಮದ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಕರುವಿಗೂ ಹೀಗಾಗಿದೆ ಅಂತ ಮರೆಯದೆ ಹೇಳಿ. ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಇರುವ ಕ್ರೀಮು ಕೊಟ್ಟರೆ ದಯವಿಟ್ಟು ಹಚ್ಚಬೇಡಿ, ಮೊದಲು ಕಡಿಮೆಯಾದಂತೆ ಕಂಡು ಆಮೇಲೆ ಇನ್ನೂ ಹರಡುತ್ತದೆ.